ಹದಿನಾರರ ಮಗನಿಗೆ ಈಸ್ಟರ್ ಮೊಟ್ಟೆ ಕೊಡಬೇಕಾ, ಬೇಡವಾ?

ಪ್ರಶ್ನೆ: ಮೇಡಂ, ನನಗೆ ಇಬ್ಬರು ಮಕ್ಕಳು. ಮಗನಿಗೆ 16, ಮಗಳಿಗೆ 13. ಚಿಕ್ಕಂದಿನಿಂದ ಪ್ರತಿ ಈಸ್ಟರ್‌ಗೂ ಮನೆ ತುಂಬ ಚಾಕೊಲೇಟ್ ಮೊಟ್ಟೆ ಬಚ್ಚಿಟ್ಟು ಹುಡುಕಿಸುತ್ತಿದ್ದೆ. ಹೋದ ವರ್ಷ ನೆಂಟರ ಎದುರಿಗೇ ಮಗ, "ಅಮ್ಮಾ, ಇದೆಲ್ಲ ಚಿಕ್ಕ ಮಕ್ಕಳ ಆಟ, ನನ್ನನ್ನ ಬಿಟ್ಬಿಡು" ಅಂದ. ಸರಿ, ದೊಡ್ಡವನಾದ ಎಂದು ಬುಟ್ಟಿಯನ್ನು ತಂಗಿಗೆ ಮಾತ್ರ ಕೊಟ್ಟೆ. ಸಂಜೆ ತನಕ ಮುಖ ಊದಿಸಿಕೊಂಡಿದ್ದ. ಮಗಳು ಈ ಸಲ ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಸಿಹಿ ಬಿಟ್ಟಿದ್ದಾಳೆ. "ಈಸ್ಟರ್‌ಗೂ ಚಾಕೊಲೇಟ್ ಬೇಡ, ಮೊಡವೆ ಬರುತ್ತೆ, ದಪ್ಪ ಆಗ್ತೀನಿ" ಅನ್ನುತ್ತಾಳೆ. ನಾದಿನಿ ಹೋದ ಸಲ ತನ್ನ ಮಗನಿಗೆ ಹೊಸ ಫೋನ್ ಕೊಟ್ಟಳು. ಅಂದಿನಿಂದ ಇವನದ್ದೂ ಅದೇ ರಾಗ. ಅತ್ತೆ "ಬೈಬಲ್ ಕೊಡು, ಮೊಟ್ಟೆ ಮೊಲ ಎಲ್ಲ ಅನ್ಯರ ಆಚಾರ" ಅನ್ನುತ್ತಾರೆ. ನಮ್ಮ ಯಜಮಾನರು "ಈಸ್ಟರ್‌ಗೆ ಮುಂಚಿನ ಪವಿತ್ರ ವಾರ ಪೂರ್ತಿ ಚರ್ಚಿಗೆ ಬಂದರೆ ಮಾತ್ರ ಗಿಫ್ಟ್ ಅಂತ ಹೇಳಿಬಿಡು" ಅನ್ನುತ್ತಾರೆ. ದುಡ್ಡು ಕೊಟ್ಟು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಏನು ಕೊಡಲಿ?

ಉತ್ತರ: ನೀವು ಕೇಳಿರುವುದು ಒಂದೇ ಪ್ರಶ್ನೆ. ಅದರೊಳಗೆ ನಾಲ್ಕೈದು ಸೇರಿಕೊಂಡಿವೆ. ಏನು ಕೊಡಲಿ ಎನ್ನುವುದು ಅವುಗಳಲ್ಲಿ ತೀರಾ ಸುಲಭದ್ದು. ಮಗ ಕೈ ಬಿಟ್ಟು ಹೋಗುತ್ತಿದ್ದಾನಾ ಎಂಬ ಅಳುಕು ಇದೆ. ಮಗಳ ಮಾತನ್ನು ಹಾಗೇ ಬಿಡಬಹುದಾ ಎಂಬ ಗೊಂದಲ ಇದೆ. ಇದರ ಮೇಲೆ ಅತ್ತೆ, ಗಂಡ, ನಾದಿನಿ ಮೂವರೂ ಮೂರು ದಿಕ್ಕಿಗೆ ಎಳೆಯುತ್ತಿದ್ದಾರೆ. ಹದಿಹರೆಯದವರ ಜೊತೆ, ಅವರ ಅಪ್ಪ ಅಮ್ಮಂದಿರ ಜೊತೆ ಕೂತು ಮಾತಾಡುವುದೇ ನನ್ನ ಉದ್ಯೋಗ. ಹಬ್ಬ ಕಳೆದ ವಾರ ನನ್ನ ಕೋಣೆ ಸ್ವಲ್ಪ ಜಾಸ್ತಿಯೇ ತುಂಬುತ್ತದೆ. ಬಂದವರಲ್ಲಿ "ಉಡುಗೊರೆ ಚಿಕ್ಕದಾಯಿತು" ಎಂದು ಅತ್ತ ಮಕ್ಕಳು ಕಡಿಮೆ. "ನನಗೆ ಅಂತ ಯೋಚನೆ ಮಾಡಿ ಕೊಡಲಿಲ್ಲ" ಎಂದು ಅತ್ತವರನ್ನು ಬೇಕಾದಷ್ಟು ನೋಡಿದ್ದೇನೆ.

ಮಗನಿಂದ ಶುರು ಮಾಡೋಣ. ಅವನು ಬೇಡ ಅಂದದ್ದು ಮೊಟ್ಟೆಯನ್ನಲ್ಲ. ನೆಂಟರು ನೋಡುತ್ತಿರುವಾಗ ಸೋಫಾ ಕೆಳಗೆ ತಲೆ ತೂರಿಸಿ ಹುಡುಕುವುದನ್ನು. ಈ ವಯಸ್ಸಿನಲ್ಲಿ ಎಲ್ಲರ ಕಣ್ಣೂ ತನ್ನ ಮೇಲೇ ಇದೆ ಅನ್ನಿಸುತ್ತದೆ. ಮನಃಶಾಸ್ತ್ರಜ್ಞ ಡೇವಿಡ್ ಎಲ್ಕೈಂಡ್ 1967ರಲ್ಲಿ ಇದನ್ನು 'ಕಾಲ್ಪನಿಕ ಪ್ರೇಕ್ಷಕರು' ಎಂದು ಕರೆದರು. ಸದಾ ಒಂದು ವೇದಿಕೆಯ ಮೇಲೆ ನಿಂತಿರುವ ಭಾವನೆ. ಮನೆಯವರು ನಾಲ್ಕೇ ಜನ ಇದ್ದರೆ ಅವನು ಈಗಲೂ ಹುಡುಕುತ್ತಿದ್ದನೋ ಏನೋ. ನಾದಿನಿಯ ಮಗ ಫೋನ್ ಹಿಡಿದು ನಿಂತಿದ್ದರೆ? ಯಾರೋ ಚಿಕ್ಕಮ್ಮ "ಅಯ್ಯೋ, ಮೀಸೆ ಬಂದಿದೆ, ಇನ್ನೂ ಮೊಟ್ಟೆ ಹುಡುಕ್ತೀಯೇನೋ" ಅಂದರೆ? ಅಷ್ಟು ಸಾಕು.

ನೀವು ಅವನ ಮಾತನ್ನು ಅಕ್ಷರಶಃ ತೆಗೆದುಕೊಂಡಿರಿ. ತಪ್ಪೇನಲ್ಲ, ಯಾರಾದರೂ ಹಾಗೇ ಮಾಡುತ್ತಾರೆ. ಆದರೆ ಅವನ ಕಡೆಯಿಂದ ನೋಡಿ. ಆಟ ಬೇಡ ಅಂದ, ಪಟ್ಟಿಯಿಂದ ಹೆಸರೇ ಹೋಯಿತು. ಹದಿನಾರರ ಹುಡುಗ "ನನಗೂ ಬುಟ್ಟಿ ಬೇಕು" ಎಂದು ಬಾಯಿಬಿಟ್ಟು ಕೇಳಲಾರ. ಕೇಳಿದರೆ ಬೆಳಿಗ್ಗೆ ಆಡಿದ ಮಾತು ಗಾಳಿಗೆ ಹೋಗುತ್ತದಲ್ಲ! ಹಾಗಾಗಿ ಮುಖ ಊದಿಸಿಕೊಂಡು ಕೂತ. ಇದು ಹಟ ಅಲ್ಲ. ದೊಡ್ಡವನಾಗಿಯೂ ಇರಬೇಕು, ಮನೆಯ ಮಗುವಾಗಿಯೂ ಇರಬೇಕು. ಎರಡನ್ನೂ ಒಟ್ಟಿಗೆ ನಿಭಾಯಿಸುವುದು ಅವನಿಗೆ ಗೊತ್ತಿಲ್ಲ. ಗೊತ್ತಾಗಲು ಇನ್ನೂ ನಾಲ್ಕೈದು ವರ್ಷ ಬೇಕು.

ಇನ್ನು 'ಮೊಟ್ಟೆ ಚಿಕ್ಕ ಮಕ್ಕಳ ಆಟ' ಎನ್ನುವ ಮಾತು. ಇದನ್ನು ಅವನಿಗೂ ಹೇಳಿ, ಅತ್ತೆಯವರಿಗೂ ಹೇಳಿ: ಮೊಟ್ಟೆ ಈ ಹಬ್ಬಕ್ಕೆ ಬಂದದ್ದು ಮಕ್ಕಳಿಗಾಗಿ ಅಲ್ಲ. ಮಧ್ಯಯುಗದ ಯುರೋಪಿನಲ್ಲಿ ತಪಸ್ಸು ಕಾಲದ 40 ದಿನ ಮಾಂಸದ ಜೊತೆ ಮೊಟ್ಟೆಯೂ ವರ್ಜ್ಯವಾಗಿತ್ತು. ಕೋಳಿಗೆ ಉಪವಾಸ ಗೊತ್ತಾಗಬೇಕಲ್ಲ! ಅದು ಇಡುತ್ತಲೇ ಇತ್ತು. ಮನೆಯಲ್ಲಿ ರಾಶಿ ಬೀಳುತ್ತಿತ್ತು. ಈಸ್ಟರ್ ದಿನ ಉಪವಾಸ ಬಿಡುವಾಗ ಮೊದಲು ಕೈಗೆ ಸಿಗುತ್ತಿದ್ದದ್ದೇ ಅದು. ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ 1290ರ ಈಸ್ಟರ್‌ಗೆ 450 ಮೊಟ್ಟೆ ತರಿಸಿ, ಬಣ್ಣ ಬಳಿಸಿ, ಚಿನ್ನದ ತಗಡು ಹಚ್ಚಿಸಿ ತನ್ನ ಅರಮನೆಯವರಿಗೆ ಹಂಚಿದ ಲೆಕ್ಕ ಉಳಿದುಬಂದಿದೆ. ಅವರೆಲ್ಲ ದೊಡ್ಡವರೇ. ಪೂರ್ವದ ಆರ್ಥೊಡಾಕ್ಸ್ ಕ್ರೈಸ್ತ ಸಭೆಗಳಲ್ಲಿ (ಪಂಗಡಗಳಲ್ಲಿ) ಇವತ್ತಿಗೂ ಅಜ್ಜ ಅಜ್ಜಿಯರು ಕೆಂಪು ಮೊಟ್ಟೆಗಳನ್ನು ಒಂದಕ್ಕೊಂದು ಕುಟ್ಟಿ, ಯಾರದ್ದು ಮೊದಲು ಒಡೆಯಿತು ಎಂದು ನಗುತ್ತಾರೆ. ಅಲ್ಲಿ ಮೊಟ್ಟೆ ಎಂದರೆ ಯೇಸುವಿನ ಮುಚ್ಚಿದ ಸಮಾಧಿ, ಒಡೆದರೆ ಹೊರಬರುವ ಜೀವ.

ಮೊಲದ ಕಥೆ ಬೇರೆ. ಅದು ಆಮೇಲೆ ಬಂದು ಸೇರಿಕೊಂಡದ್ದು. ಮೊಟ್ಟೆ ತಂದಿಡುವ ಕಾಡುಮೊಲದ ಕಥೆಯನ್ನು 1682ರಲ್ಲಿ ಒಬ್ಬ ಜರ್ಮನ್ ವೈದ್ಯ ಬರೆದಿಟ್ಟಿದ್ದಾನೆ. ಮಕ್ಕಳಿಗೆ ಹೇಳುವ ಕಟ್ಟುಕಥೆ ಇದು ಎಂದು ಅವನೇ ಹೇಳುತ್ತಾನೆ. ಎಂಟನೇ ಶತಮಾನದ ಸನ್ಯಾಸಿ ಬೀಡ್ ಎಂಬಾತ ಈಸ್ಟರ್ ಎಂಬ ಹೆಸರು ಎಯೋಸ್ಟ್ರೆ ಎಂಬ ದೇವತೆಯಿಂದ ಬಂತು ಎಂದು ಬರೆದದ್ದು ನಿಜ. ಆದರೆ ಅಲ್ಲಿ ಮೊಟ್ಟೆಯೂ ಇಲ್ಲ, ಮೊಲವೂ ಇಲ್ಲ. ಹಾಗಾಗಿ ಅತ್ತೆಯವರು ಮೊಲವನ್ನು ಬೇಕಾದರೆ ಬಿಡಲಿ. ಮೊಟ್ಟೆಯನ್ನು ಬಿಡಬೇಕಾಗಿಲ್ಲ.

ನಾನು ಹೇಳುವುದು ಇಷ್ಟೇ. ಮಗನಿಗೂ ಮೊಟ್ಟೆ ಕೊಡಿ. ಹುಡುಕಿಸಬೇಡಿ. ಒಳಗಿರುವುದನ್ನು ಬದಲಾಯಿಸಿ.

ರಷ್ಯಾದ ಚಕ್ರವರ್ತಿ ಮೂರನೇ ಅಲೆಕ್ಸಾಂಡರ್ 1885ರ ಈಸ್ಟರ್‌ಗೆ ಹೆಂಡತಿಗೆ ಒಂದು ಮೊಟ್ಟೆ ಕೊಟ್ಟ. ಫಾಬೆರ್ಜೆಯ ಅಕ್ಕಸಾಲೆಯಲ್ಲಿ ಮಾಡಿಸಿದ್ದು. ಹೊರಗೆ ನೋಡಿದರೆ ಬರೀ ಬಿಳಿ. ತೆರೆದರೆ ಚಿನ್ನದ ಉಂಡೆ, ಅದೇ, ಮೊಟ್ಟೆಯ ಹಳದಿ. ಅದನ್ನು ತೆರೆದರೆ ಪುಟ್ಟ ಚಿನ್ನದ ಕೋಳಿ. ಕೋಳಿಯ ಹೊಟ್ಟೆಯಲ್ಲಿ ಇನ್ನೂ ಏನೋ. ಚಿನ್ನ ನಮಗೆ ಬೇಡ. ಆ ಉಪಾಯ ಮಾತ್ರ ಸಾಕು. ಬಿಚ್ಚಿ ಮುಚ್ಚಬಹುದಾದ ಮರದ್ದೋ ಪ್ಲಾಸ್ಟಿಕ್ಕಿನದ್ದೋ ಒಂದು ಮೊಟ್ಟೆ ತನ್ನಿ. ಒಳಗೆ ಅವನಿಗೆ ನಿಜಕ್ಕೂ ಬೇಕಾದದ್ದು ಏನಾದರೂ ಇರಲಿ. ಗಿಟಾರ್ ನುಡಿಸುತ್ತಾನಾ? ಒಂದು ಸೆಟ್ ತಂತಿ. ಚಿತ್ರ ಬರೆಯುತ್ತಾನಾ? ಮುಗಿದುಹೋಗಿರುವ ಆ ಒಂದು ನಂಬರಿನ ಪೆನ್ನು. ಕ್ರಿಕೆಟ್ಟಾ? ಬ್ಯಾಟಿನ ಹಿಡಿಗೆ ಹೊಸ ಗ್ರಿಪ್. ಬೆಲೆ ದೊಡ್ಡದಲ್ಲ. ಆದರೆ ಯಾವ ಗೇಜಿನ ತಂತಿ ಎಂದು ತಿಳಿಯಲು ನೀವು ಅವನ ಗಿಟಾರಿನ ಹತ್ತಿರ ಹೋಗಿರಬೇಕು. ಅಥವಾ ಅವನನ್ನೇ ಕೇಳಿರಬೇಕು. ಕೇಳಿದರೆ ಸಪ್ಪೆಯಾಗುತ್ತದೆ ಎಂದು ಹೆದರಬೇಡಿ. ಗುಟ್ಟು ಇರಬೇಕು, ಚಕಿತಗೊಳಿಸಬೇಕು ಎನ್ನುವ ಆಸೆ ಹೆಚ್ಚಾಗಿ ಕೊಡುವವರದ್ದು. ಬೇಕಾದದ್ದೇ ಸಿಕ್ಕಿದ ಹುಡುಗ ಯಾವತ್ತೂ ದೂರಿದ್ದನ್ನು ನಾನು ಕೇಳಿಲ್ಲ.

ಅದರ ಜೊತೆಗೆ ಒಂದು ಚೀಟಿ. ಇದೇ ನಿಜವಾದ ಉಡುಗೊರೆ, ಉಳಿದದ್ದು ನೆಪ. ಯಾಕೆ ಹೀಗೆ ಹೇಳುತ್ತೇನೆ ಎಂದರೆ, ಲ್ಯಾನ್ ಚಾಪ್ಲಿನ್ ಮತ್ತು ಡೆಬೊರಾ ಜಾನ್ ಎಂಬ ಅಮೆರಿಕದ ಸಂಶೋಧಕಿಯರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 8ರಿಂದ 18 ವರ್ಷದ ಮಕ್ಕಳಲ್ಲಿ ವಸ್ತುಗಳ ಹುಚ್ಚು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ನೋಡಿದರು. ಅದು 12–13ರ ಹೊತ್ತಿಗೆ ತುದಿ ಮುಟ್ಟುತ್ತದೆ, ಹದಿಹರೆಯದ ಕೊನೆಗೆ ಇಳಿಯುತ್ತದೆ. ತನ್ನ ಬಗ್ಗೆ ತನಗೇ ಒಳ್ಳೆಯ ಅಭಿಪ್ರಾಯ ಕುಸಿದಾಗ ಈ ಹುಚ್ಚು ಏರುತ್ತದೆ. ಓರಗೆಯವರು ಹೇಳಿದ ಒಳ್ಳೆಯ ಮಾತುಗಳು ಕೈಗೆ ಸಿಕ್ಕಾಗ ಅದು ತಗ್ಗಿತು. ಇದು ಹದಿಮೂರರ ನಿಮ್ಮ ಮಗಳಿಗೆ ಇನ್ನೂ ಜಾಸ್ತಿ ಅನ್ವಯಿಸುತ್ತದೆ.

ಚೀಟಿಯಲ್ಲಿ ಏನು ಬರೆಯಬೇಕು? "ಒಳ್ಳೆಯ ಹುಡುಗನಾಗು, ಚೆನ್ನಾಗಿ ಓದು" ಅಂತಲ್ಲ. ಅದು ಉಪದೇಶ. "ನೀನು ಪ್ರಪಂಚದಲ್ಲೇ ಬೆಸ್ಟ್" ಅಂತಲೂ ಅಲ್ಲ. ಅದು ಸುಳ್ಳೆಂದು ಅವನಿಗೆ ಗೊತ್ತು. ನೀವು ಕಣ್ಣಾರೆ ಕಂಡ ಒಂದು ಸಂಗತಿ ಸಾಕು. "ಅಜ್ಜಿಗೆ ಜ್ವರ ಬಂದ ರಾತ್ರಿ ಯಾರೂ ಹೇಳದೆ ಎದ್ದು ನೀರು ಕೊಟ್ಟೆ. ನಾನು ಬಾಗಿಲಲ್ಲಿ ನಿಂತು ನೋಡಿದೆ." ಮುಗಿಯಿತು. ಎರಡು ಸಾಲು. ಗಂಡಸರಿಗೆ ಇದು ಸ್ವಲ್ಪ ಕಷ್ಟ, ಆದರೂ ನಿಮ್ಮ ಯಜಮಾನರಿಂದಲೇ ಬರೆಸಿದರೆ ಪರಿಣಾಮ ಎರಡು ಪಟ್ಟು. ಅಪ್ಪ ಬರೆದ ಒಂದು ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಂಡು ಓಡಾಡುವ ಮೂವತ್ತು ದಾಟಿದ ಗಂಡಸರನ್ನು ನಾನು ನೋಡಿದ್ದೇನೆ.

ಈಗ ಮಗಳ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕು. ನಿಮ್ಮ ಪತ್ರದಲ್ಲಿ ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸಿದ್ದು ಆ ಒಂದು ಸಾಲೇ.

ಮೊದಲು ಮೊಡವೆ. ಹದಿಹರೆಯದ ಮೊಡವೆಗೆ ಮುಖ್ಯ ಕಾರಣ ಹಾರ್ಮೋನು. ಅದು ಚರ್ಮದ ಎಣ್ಣೆ ಗ್ರಂಥಿಗಳನ್ನು ಚುರುಕುಗೊಳಿಸುತ್ತದೆ, ರಂಧ್ರ ಮುಚ್ಚಿಕೊಳ್ಳುತ್ತದೆ, ಅಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ರಕ್ತದ ಸಕ್ಕರೆಯನ್ನು ಬೇಗ ಏರಿಸುವ ಆಹಾರ, ಹಾಲು, ಇವುಗಳಿಗೂ ಮೊಡವೆಗೂ ನಂಟಿದೆ ಎಂದು ಕೆಲವು ಅಧ್ಯಯನಗಳು ಹೇಳಿವೆ. ಅದು ದಿನನಿತ್ಯದ ಊಟದ ಮಾತು. ಹಬ್ಬದ ದಿನದ ಒಂದು ಚಾಕೊಲೇಟ್ ಮೊಟ್ಟೆಯನ್ನು ಅಪರಾಧಿ ಮಾಡಲು ಯಾವ ಪುರಾವೆಯೂ ಇಲ್ಲ. ಹಾಗೆಯೇ ಸಕ್ಕರೆ ತಿಂದ ಮಕ್ಕಳು ಕುಣಿದಾಡುತ್ತಾರೆ ಎಂಬ ಮಾತೂ ಬಿದ್ದುಹೋಗಿದೆ. 1995ರಲ್ಲೇ ಹಲವು ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ ಸಕ್ಕರೆಯಿಂದ ಮಕ್ಕಳ ವರ್ತನೆ ಬದಲಾಗುವುದು ಕಾಣಲಿಲ್ಲ. ಹಲ್ಲಿಗೆ ಕೆಡುಕು ಹೌದು. ದಿನಾ ಜಾಸ್ತಿ ತಿಂದರೆ ತೂಕಕ್ಕೂ ಹೌದು. ವಿಶ್ವ ಆರೋಗ್ಯ ಸಂಸ್ಥೆ ಸಕ್ಕರೆಯನ್ನು ದಿನದ ಒಟ್ಟು ಶಕ್ತಿಯ ಶೇಕಡಾ 10ಕ್ಕಿಂತ ಕೆಳಗೆ ಇಡಿ ಎನ್ನುತ್ತದೆ. ವರ್ಷಕ್ಕೊಂದು ಹಬ್ಬಕ್ಕೆ ಹೆದರುವಂಥದ್ದು ಅದರಲ್ಲಿ ಏನಿಲ್ಲ.

ಆದರೆ "ದಪ್ಪ ಆಗ್ತೀನಿ" ಎನ್ನುವ ಮಾತನ್ನು ನಾನು ಸುಮ್ನೆ ದಾಟುವುದಿಲ್ಲ. ಹದಿಮೂರಕ್ಕೆ ಹುಡುಗಿಯರ ಮೈ ತುಂಬಿಕೊಳ್ಳುತ್ತದೆ. ತುಂಬಿಕೊಳ್ಳಲೇಬೇಕು. ಆ ವಯಸ್ಸಿನಲ್ಲಿ ತೂಕ ಏರದೆ ನಿಂತರೂ ಯೋಚನೆ ಮಾಡಬೇಕು, ಇಳಿದರಂತೂ ಮಾಡಲೇಬೇಕು. ಊಟ ಕಡಿಮೆ ಮಾಡಲು ಹೊರಟ ಹುಡುಗಿಗೆ ತಪಸ್ಸು ಕಾಲ ಒಳ್ಳೆಯ ಮರೆ. ಯಾರೂ ಪ್ರಶ್ನೆ ಕೇಳುವುದಿಲ್ಲ, ಮೇಲಿಂದ ಶಹಬ್ಬಾಸ್‌ಗಿರಿ ಬೇರೆ. ಭಕ್ತಿಯಿಂದ ಸಿಹಿ ಬಿಟ್ಟ ಮಕ್ಕಳು ಸಾಮಾನ್ಯವಾಗಿ ಈಸ್ಟರ್ ಯಾವಾಗ ಬರುತ್ತದೋ ಎಂದು ದಿನ ಎಣಿಸುತ್ತಾರೆ. ನಿಮ್ಮ ಮಗಳು ಎಣಿಸುತ್ತಿಲ್ಲ. ಇದನ್ನು ಗಮನಿಸಿ.

ಅವಳು ಸುಮ್ಮನೆ ಗೆಳತಿಯರಿಂದ ಕೇಳಿದ ಮಾತನ್ನೇ ಹೇಳಿರಬಹುದು. ಹತ್ತರಲ್ಲಿ ಎಂಟು ಸಲ ಅಷ್ಟೇ ಇರುತ್ತದೆ ಎನ್ನುವುದು ನನ್ನ ಅಂದಾಜು. ಆದರೆ ಇವುಗಳಲ್ಲಿ ಯಾವುದಾದರೂ ಕಾಣುತ್ತಿದೆಯಾ ನೋಡಿ. "ಆಗಲೇ ತಿಂದೆ" ಎಂದು ಊಟ ತಪ್ಪಿಸುವುದು. ಬೇರೆಯವರ ಜೊತೆ ಕೂತು ತಿನ್ನಲು ಹಿಂಜರಿಕೆ. ದಿನಕ್ಕೆ ಹಲವು ಸಲ ತೂಕ ನೋಡುವುದು. ಊಟವಾದ ತಕ್ಷಣ ಬಾತ್‌ರೂಮಿಗೆ ಹೋಗುವುದು. ಮುಟ್ಟು ಶುರುವಾಗಿದ್ದು ನಿಂತುಹೋಗುವುದು. ಯಾವಾಗಲೂ ಚಳಿ, ತಲೆಸುತ್ತು. ಕಂಡರೆ ಹಬ್ಬ ಮುಗಿಯಲಿ ಎಂದು ಕಾಯಬೇಡಿ. ಮಕ್ಕಳ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿ. ಬೇಗ ಹಿಡಿದಷ್ಟೂ ಸುಲಭ.

ಏನೂ ಕಾಣದಿದ್ದರೂ ಒಂದು ಕೆಲಸ ಮಾಡಿ. ಚಾಕೊಲೇಟಿನ ವಿಷಯದಲ್ಲಿ ವಾದಕ್ಕೆ ಇಳಿಯಬೇಡಿ. "ನೀನು ಕಡ್ಡಿ ಹಾಗಿದ್ದೀಯ, ತಿನ್ನು" ಅನ್ನುವುದೂ ಅವಳ ಮೈಯ ಬಗ್ಗೆ ಆಡುವ ಮಾತೇ. ನಿಮ್ಮ ಬಾಯಲ್ಲಿ ನಿಮ್ಮದೇ ತೂಕದ ಮಾತು ಎಷ್ಟು ಬರುತ್ತದೆ ಎಂದೂ ಕೇಳಿಸಿಕೊಳ್ಳಿ. ಮಕ್ಕಳು ಅಲ್ಲಿಂದಲೇ ಕಲಿಯುತ್ತಾರೆ. ಅಂದಹಾಗೆ, ಕಥೋಲಿಕ ಸಭೆಯ ಕಾನೂನಿನಲ್ಲೇ ಉಪವಾಸ ಕಡ್ಡಾಯವಾಗುವುದು 18 ತುಂಬಿದ ಮೇಲೆ. ಮಾಂಸ ಬಿಡುವ ನಿಯಮವೂ 14 ತುಂಬಿದವರಿಗೆ. ನೀವು ಯಾವ ಸಭೆಯವರಾದರೂ ಸರಿ, ಬೆಳೆಯುವ ಮಕ್ಕಳ ಹೊಟ್ಟೆಯ ಮೇಲೆ ಭಾರ ಹಾಕಬಾರದು ಎನ್ನುವ ವಿವೇಕ ಅಲ್ಲಿದೆ. ಇದನ್ನು ಅತ್ತೆಯವರ ಬಾಯಿಂದ ಹೇಳಿಸಿದರೆ ಇನ್ನೂ ಒಳ್ಳೆಯದು.

ಅವಳಿಗೆ ಕೊಡುವುದಾದರೆ ತಿನ್ನುವುದಲ್ಲದ್ದು ಕೊಡಿ. ಆದರೆ ಚಾಕೊಲೇಟನ್ನು ಮನೆಯಿಂದ ಪೂರ್ತಿ ಓಡಿಸಲೂಬೇಡಿ. ಮೇಜಿನ ಮೇಲೆ ಎಲ್ಲರಿಗೂ ಎಂದು ಇರಲಿ. ತಿಂದರೂ ಸರಿ, ಬಿಟ್ಟರೂ ಸರಿ ಎನ್ನುವ ಹಾಗೆ. ಅವಳ ತಟ್ಟೆಯನ್ನು ಕದ್ದು ನೋಡಬೇಡಿ, ಅವಳಿಗೆ ಗೊತ್ತಾಗುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಮಾತ್ರ ಮೇಜಿನ ಕಡೆ ಕಣ್ಣಿಡಿ. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ನಾಯಿಗೆ ವಿಷ.

ಹದಿಹರೆಯದವರಿಗೆ ಯಾವತ್ತೂ ಕೊಡಬಾರದ ಉಡುಗೊರೆ ಒಂದಿದೆ. ಸುಂದರವಾಗಿ ಸುತ್ತಿದ ಬೈಗುಳ. ಮೊಡವೆ ಕ್ರೀಮ್, ಡಿಯೋಡರೆಂಟ್, ಡಂಬೆಲ್ಸ್, ಒಂದು ಸೈಜ್ ಚಿಕ್ಕದಾದ ಜೀನ್ಸ್, 'ಯಶಸ್ಸಿನ ಗುಟ್ಟು' ಥರದ ಪುಸ್ತಕ, ಪರೀಕ್ಷೆಯ ಗೈಡ್. ಬೇಕಾದರೆ ಬೇರೆ ದಿನ ಸುಮ್ಮನೆ ತಂದು ಬಾತ್‌ರೂಮಿನಲ್ಲಿ, ಮೇಜಿನ ಮೇಲೆ ಇಡಿ. ಹಬ್ಬದ ದಿನ ಕೈಗೆ ಕೊಟ್ಟರೆ "ನೀನು ಹೀಗಿದ್ದರೆ ನಮಗೆ ಸಾಲದು" ಎಂದೇ ಅವರು ಓದಿಕೊಳ್ಳುತ್ತಾರೆ.

ಬೈಬಲ್ ಆ ಪಟ್ಟಿಗೆ ಸೇರುತ್ತದಾ? ಅದು ಯಾರು, ಹೇಗೆ ಕೊಡುತ್ತಾರೆ ಎನ್ನುವುದರ ಮೇಲಿದೆ. ಚರ್ಚಿಗೆ ಬರಲು ಗೊಣಗುವ ಹುಡುಗನ ಕೈಗೆ ಮಿರಮಿರ ಮಿಂಚುವ ಹೊಸ ಬೈಬಲ್ ಇಟ್ಟರೆ ಅದು ಹೌದು, ಬೈಗುಳವೇ. ಕಪಾಟು ಸೇರುತ್ತದೆ. ಅದೇ ಅತ್ತೆಯವರು ತಮ್ಮದೇ ಹಳೆಯ ಬೈಬಲ್ ಕೊಡಲಿ. ಅಂಚಿನಲ್ಲಿ ಪೆನ್ಸಿಲ್ ಗೀಟು ಇರುವುದು, ಹಾಳೆಗಳ ನಡುವೆ ಯಾರದ್ದೋ ಫೋಟೋ ಸಿಕ್ಕಿಕೊಂಡಿರುವುದು. "ನಿಮ್ಮ ತಾತ ತೀರಿಕೊಂಡ ವರ್ಷ ಈ ಪುಟ ತೆಗೆದು ತೆಗೆದು ಓದುತ್ತಿದ್ದೆ ಮಗಾ" ಎಂದು ಹೇಳಿ ಕೊಟ್ಟರೆ ಅದು ಬೇರೆಯೇ ವಸ್ತು. ಅವನು ಇವತ್ತು ಓದದಿರಬಹುದು. ಬಿಸಾಡುವುದಂತೂ ಇಲ್ಲ.

ನಿಮ್ಮ ಯಜಮಾನರ ಸಲಹೆಗೆ ಬರೋಣ. ಚರ್ಚಿಗೆ ಬಂದರೆ ಗಿಫ್ಟ್. ಅವರ ಕಳವಳ ನನಗೆ ಅರ್ಥವಾಗುತ್ತದೆ. ಮಗ ದೇವರಿಂದ, ಮನೆಯಿಂದ ದೂರ ಹೋಗುತ್ತಿದ್ದಾನೆ ಎಂಬ ಭಯ ಅದು. ಆದರೆ ಈ ಔಷಧಿ ರೋಗ ಹೆಚ್ಚಿಸುವಂಥದ್ದು. ಅಮೆರಿಕದ ಮನಃಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಚಿತ್ರ ಬರೆಯಲು ಇಷ್ಟಪಡುವ ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪಿಗೆ "ಬರೆದರೆ ಪ್ರಶಸ್ತಿ ಪತ್ರ" ಎಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಹೇಳದೆ ಆಮೇಲೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಕಳೆದು ನೋಡಿದರೆ, ಮೊದಲೇ ಆಸೆ ತೋರಿಸಿದ ಗುಂಪು ಬಿಡುವಿನಲ್ಲಿ ಚಿತ್ರ ಬರೆಯುವುದು ಉಳಿದವರ ಅರ್ಧದಷ್ಟಕ್ಕೆ ಇಳಿದಿತ್ತು. ಹೇಳದೆ ಕೊಟ್ಟವರಲ್ಲಿ ಆ ಇಳಿತ ಇರಲಿಲ್ಲ. ಅಂದರೆ ಕೆಡಿಸಿದ್ದು ಬಹುಮಾನವಲ್ಲ, ಷರತ್ತು. ನಿಮ್ಮ ಮಗನಿಗೆ ಚರ್ಚಿನ ಮೇಲೆ ಒಂದಿಷ್ಟು ಒಲವು ಉಳಿದಿದ್ದರೂ, ಅದಕ್ಕೆ ಕೂಲಿ ಗೊತ್ತುಮಾಡಿದ ದಿನ ಅದು ಕೆಲಸವಾಗಿಬಿಡುತ್ತದೆ. ಮುಂದಿನ ವರ್ಷ ಕೂಲಿ ಏರಿಸಬೇಕು. ಧರ್ಮದ ಪಾಠ ಹೇಳುವುದು ನನ್ನ ಕಸುಬಲ್ಲ. ಆದರೂ ಯೋಗ್ಯತೆ ನೋಡದೆ ಸಿಕ್ಕ ಕೃಪೆಯ ಹಬ್ಬ ಎಂದು ನೀವೇ ಹೇಳುವ ದಿನ, ಹಾಜರಾತಿ ನೋಡಿ ಉಡುಗೊರೆ ಕೊಡುವುದು ಸ್ವಲ್ಪ ವಿಚಿತ್ರ ಅಲ್ವಾ?

ಷರತ್ತಿನ ಬದಲು ಅವನಿಗೊಂದು ಜಾಗ ಕೊಡಿ. ಈಸ್ಟರ್ ದಿನ ಸೂರ್ಯ ಹುಟ್ಟುವಾಗ ಬಯಲಲ್ಲಿ ಸೇರಿ ಪ್ರಾರ್ಥಿಸುವ ಪದ್ಧತಿ ಹಲವು ಸಭೆಗಳಲ್ಲಿದೆಯಲ್ಲ, ಅದಕ್ಕೆ ನಾಂದಿ ಹಾಡಿದವರು ಯಾರು ಗೊತ್ತಾ? 1732ರಲ್ಲಿ ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನ ಮೊರಾವಿಯನ್ ಎಂಬ ಪ್ರೊಟೆಸ್ಟೆಂಟ್ ಸಭೆಯ ಮದುವೆಯಾಗದ ತರುಣರು. ನಸುಕಿನಲ್ಲಿ ಎದ್ದು ಗುಡ್ಡದ ಮೇಲಿನ ಸ್ಮಶಾನಕ್ಕೆ ಹೋಗಿ ಹಾಡಿದರು. ಮರುವರ್ಷ ಇಡೀ ಸಭೆಯೇ ಅವರ ಹಿಂದೆ ಹೊರಟಿತು. ಆ ಹುಡುಗರಿಗೆ ಯಾರೂ ಗಿಫ್ಟ್ ಆಸೆ ತೋರಿಸಿರಲಿಲ್ಲ. ನಿಮ್ಮ ಮಗನಿಗೂ ಮೈಕಿನ ವಯರೋ, ಮೇಣದ ಬತ್ತಿಯೋ, ಗಿಟಾರೋ, ಏನಾದರೂ ಅವನ ಕೈಯಲ್ಲೇ ಇರುವ ಕೆಲಸ ಸಿಗಲಿ. ಮನೆಯಲ್ಲೂ ಅಷ್ಟೇ. ಚಿಕ್ಕ ಮಕ್ಕಳು ಬರುವುದಾದರೆ ಮೊಟ್ಟೆ ಬಚ್ಚಿಡುವ ಹೊಣೆ ಈ ಸಲ ಅವನದ್ದು. ಸುಳಿವಿನ ಒಗಟುಗಳನ್ನು ಅವನೇ ಬರೆಯಲಿ. ನನ್ನ ಬಳಿ ಬರುತ್ತಿದ್ದ ಒಬ್ಬ ಹುಡುಗ ಇದೇ ಕೆಲಸ ಸಿಕ್ಕಿದಾಗ ಎಷ್ಟು ಕಷ್ಟದ ಒಗಟು ಬರೆದಿದ್ದ ಎಂದರೆ, ಒಂದು ಮೊಟ್ಟೆ ಸಿಕ್ಕಿದ್ದು ಮಳೆಗಾಲದಲ್ಲಿ. ಇರುವೆಗಳಿಗೆ.

ದುಡ್ಡಿನ ವಿಷಯದಲ್ಲಿ ನಿಮಗಿರುವ ಸಂಕೋಚ ನನಗಿಲ್ಲ. ಈ ವಯಸ್ಸಿನವರಿಗೆ ಸ್ವಂತ ನಿರ್ಧಾರ ಮಾಡುವ ಹಸಿವು ಜಾಸ್ತಿ. ದುಡ್ಡು ಅದನ್ನು ಕೊಡುತ್ತದೆ. ಅವಮಾನ ಆಗುವುದು ದುಡ್ಡಿನಿಂದಲ್ಲ, ಜೇಬಿನಿಂದ ತೆಗೆದು "ಹಿಡಿ, ಏನಾದ್ರೂ ತಗೋ" ಎನ್ನುವ ರೀತಿಯಿಂದ. ಅದೇ ಮೊಟ್ಟೆಯೊಳಗೆ ಚೀಟಿಯ ಜೊತೆ ಮಡಿಸಿಡಿ. ಅಪಾಯ ಎರಡಿವೆ. ಅಣ್ಣ ತಂಗಿ ಎಣಿಸಿ ಹೋಲಿಸುತ್ತಾರೆ. ವಯಸ್ಸಿಗೆ ತಕ್ಕಂತೆ ಬೇರೆ ಇದ್ದರೆ ಕಾರಣ ಮೊದಲೇ ಹೇಳಿ. ಇನ್ನೊಂದು, ಕೊಟ್ಟ ಮೇಲೆ ಲೆಕ್ಕ ಕೇಳುವುದು. ಕೇಳಿದರೆ ಅದು ಉಡುಗೊರೆಯಲ್ಲ, ಮುಂಗಡ. ಆನ್‌ಲೈನ್ ಆಟದ ಕ್ರೆಡಿಟ್ಟು, ಗಿಫ್ಟ್ ಕಾರ್ಡುಗಳ ಮಾತಾದರೆ, ಅಧಿಕೃತ ಜಾಗದಿಂದಲೇ ಕೊಳ್ಳಿ, ಕಾರ್ಡಿನಲ್ಲಿ ಕೋಡ್ ಮುಚ್ಚಿರುವ ಪಟ್ಟಿಯನ್ನು ಯಾರೂ ಗೀಚಿಲ್ಲ ಎಂದು ನೋಡಿಕೊಳ್ಳಿ. ನಿಮ್ಮ ಸ್ವಂತ ಕಾರ್ಡಿನ ನಂಬರನ್ನು ಆಟದೊಳಗೆ ಉಳಿಸಿ ಬರಬೇಡಿ.

ಫೋನ್ ಬಗ್ಗೆ ನೇರವಾಗಿ ಹೇಳುತ್ತೇನೆ. ಈಸ್ಟರ್‌ಗೆ ಬೇಡ. ಫೋನೇ ಕೆಟ್ಟದ್ದು ಎಂದಲ್ಲ. ಆದರೆ ಅದು ಒಪ್ಪಂದದ ವಸ್ತು. ರಾತ್ರಿ ಎಲ್ಲಿರಬೇಕು, ಯಾವ ಆ್ಯಪ್ ಇರಬೇಕು, ಒಡೆದರೆ ಯಾರು ಸರಿ ಮಾಡಿಸಬೇಕು, ಇದೆಲ್ಲ ಮೊದಲೇ ಮಾತಾಡಬೇಕು. ಹಬ್ಬದ ದಿನ ನಗುನಗುತ್ತಾ ಕೊಟ್ಟು, ಮಾರನೆಯ ದಿನ ನಿಯಮ ತಂದರೆ ಜಗಳ ಖಂಡಿತ. 13ರಿಂದ 18ರವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಹೊಸ ಫೋನಿನ ಮೊದಲ ತಿಂಗಳು ಮೊದಲು ಕದಿಯುವುದು ಅದನ್ನೇ. ನಾದಿನಿಯ ಮನೆಯ ಲೆಕ್ಕ ನಾದಿನಿಯದು. "ಅವರು ಕೊಟ್ಟರು, ನಾವು ಈಸ್ಟರ್‌ಗೆ ಅಷ್ಟು ದೊಡ್ಡದು ಕೊಡುವುದಿಲ್ಲ. ಫೋನ್ ಬೇಕಾದರೆ ಮುಂದಿನ ತಿಂಗಳು ಕೂತು ಮಾತಾಡೋಣ" ಎಂದು ಹೇಳಿ. ದಿನಾಂಕ ಹೇಳಿದರೆ ಆ ದಿನ ಕೂರಲೇಬೇಕು, ಅದು ನೆನಪಿರಲಿ.

ಅಕಸ್ಮಾತ್ ಮಗಳು ಜೀವಂತ ಮೊಲದ ಮರಿ ಕೇಳಿದರೆ? ಸಾಕು ಮೊಲ ಎಂಟು ಹತ್ತು ವರ್ಷ ಬದುಕುತ್ತದೆ. ಮಗಳು ಓದಲು ಮನೆ ಬಿಟ್ಟ ಮೇಲೂ ಅದು ನಿಮ್ಮ ಮನೆಯಲ್ಲೇ ಇರುತ್ತದೆ. ಸೊಪ್ಪು ಹಾಕುವವರು ನೀವು.

ವಸ್ತುವಿಗಿಂತ ಒಟ್ಟಿಗೆ ಕಳೆಯುವ ಸಮಯವೇ ಒಳ್ಳೆಯ ಉಡುಗೊರೆ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಚಿಕ್ಕ ಮಕ್ಕಳಿಗಿಂತ ಹದಿಹರೆಯದವರು ಅನುಭವಗಳಿಂದ ಜಾಸ್ತಿ ಖುಷಿ ಪಡುತ್ತಾರೆ. ನೆನಪಿಟ್ಟುಕೊಂಡು ಮೆಲುಕು ಹಾಕುವ ಶಕ್ತಿ ಆಗ ಬಲಿತಿರುತ್ತದೆ. ಆದರೆ ನೀವು ಆರಿಸಿದ ಜಾಗಕ್ಕೆ, ನೀವು ಹೇಳಿದ ಹೊತ್ತಿಗೆ, ಎಲ್ಲ ನೆಂಟರ ಜೊತೆ ಹೋಗುವುದು ಅವರ ಲೆಕ್ಕದಲ್ಲಿ ಅನುಭವವಲ್ಲ, ಶಿಕ್ಷೆ. ಎಲ್ಲಿಗೆ ಎನ್ನುವುದನ್ನು ಮಗಳೇ ಆರಿಸಲಿ, ಒಬ್ಬ ಗೆಳತಿಯನ್ನು ಕರೆದುಕೊಳ್ಳಲಿ. ಅಥವಾ ಅಣ್ಣ ಇಲ್ಲದೆ ನೀವು ಅವಳೊಬ್ಬಳ ಜೊತೆ ಅರ್ಧ ದಿನ. ಅವಳ ವಿಷಯದಲ್ಲಿ ನಾನು ಈ ಎರಡನೆಯದನ್ನೇ ಆರಿಸುತ್ತೇನೆ. ಆ "ದಪ್ಪ ಆಗ್ತೀನಿ" ಎಲ್ಲಿಂದ ಬಂತು ಎನ್ನುವುದು ಎದುರು ಕೂತು ಕೇಳಿದರೆ ಹೊರಬರುವುದಿಲ್ಲ. ಪಕ್ಕಪಕ್ಕ ನಡೆಯುವಾಗ, ಏನೋ ಕೆಲಸ ಮಾಡುತ್ತಿರುವಾಗ ತಾನಾಗಿ ಬರುತ್ತದೆ.

ಕೊನೆಗೆ, ಯಾವಾಗ ಕೊಡಬೇಕು? ಬೆಳಿಗ್ಗೆ ಬೇಡ. ಹದಿಹರೆಯದಲ್ಲಿ ನಿದ್ದೆ ತರಿಸುವ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ. ಅದರ ಮೇಲೆ ಶನಿವಾರ ರಾತ್ರಿಯ ಜಾಗರಣೆಯ ಪೂಜೆಯೋ ಭಾನುವಾರ ನಸುಕಿನ ಆರಾಧನೆಯೋ ಇದ್ದರೆ ಮಕ್ಕಳು ಅರೆನಿದ್ದೆಯಲ್ಲಿರುತ್ತಾರೆ. ಆ ಹೊತ್ತಿನಲ್ಲಿ ಬಂಗಾರ ಕೊಟ್ಟರೂ ಗೊಣಗುತ್ತಾರೆ. ನೆಂಟರ ಎದುರಿಗಂತೂ ಬೇಡವೇ ಬೇಡ. ಊಟ ಮುಗಿಸಿ, ಮಲಗಿ, ಎದ್ದ ಮೇಲೆ ಅವರ ಮೇಜಿನ ಮೇಲೆ ಮೊಟ್ಟೆ ಇಟ್ಟು ಬನ್ನಿ. ಫೋಟೋ ಹೊಡೆಯಬೇಡಿ, ಸ್ಟೇಟಸ್ ಹಾಕಬೇಡಿ.

ಮಗ ಬಿಚ್ಚಿ ನೋಡಿ, ಚೀಟಿ ಓದಿ, ಏನೂ ಹೇಳದೆ ರಾತ್ರಿ ಊಟಕ್ಕೆ ಬಂದು ಕೂರುತ್ತಾನೆ. ಓದಿದ್ಯಾ ಎಂದು ಕೇಳಬೇಡಿ. ಅನ್ನ ಬಡಿಸಿ.